ಚಾವಿ ಒಳಗೆ, ನಾವು ಹೊರಗೆ

ಮನೆಯಿಂದ, ಕಾರ್ಖಾನೆಯ ಮೇಲಿನ ಅಡುಗೆಕೋಣೆ
ಮಾರ್ಚ್ ೧೨, ಊಟದ ನಂತರ

ಪ್ರೀತಿಯ ಸ್ಪ್ರಿಂಗೂ,

ಹೇಗಿದ್ದೀಯಾ? ನೆಗಡಿ ಬಿಟ್ಟಿತಾ? ಹೋದ ವಾರ ಫೋನಿನಲ್ಲಿ ಮಾತಾಡಿದ್ದು ನೀನಲ್ಲ, ನಿನ್ನ ಮೂಗು. ಆ ಪರೀಕ್ಷಾ ಕೇಂದ್ರದಲ್ಲಿ ಒಂದು ಕೋಣೆಯನ್ನು ಒಲೆಯ ಹಾಗೆ ಕಾಯಿಸಿ, ಇನ್ನೊಂದನ್ನು ಮಂಜಿನ ಹಾಗೆ ತಣ್ಣಗಿಟ್ಟು, ಊರವರ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನುಗಳನ್ನು ಅದರಿಂದ ಇದಕ್ಕೆ ಇದರಿಂದ ಅದಕ್ಕೆ ಓಡಾಡಿಸಿ ಗೋಳಾಡಿಸುತ್ತೀರಿ ಎಂದು ನೀನೇ ಹೇಳಿದ್ದೆ. ಯಂತ್ರಗಳ ಜೊತೆ ನೀನೂ ಪರೀಕ್ಷೆಗೆ ಕೂರಬೇಡ ಮಾರಾಯ್ತಿ. ಸ್ವೆಟರು ಹಾಕಿಕೋ, ಬಿಸಿನೀರು ಕುಡಿ, ಊಟದ ಹೊತ್ತಿಗೆ ಊಟ ಮಾಡು. ನಮ್ಮ ವಿಷಯಕ್ಕೆ ಬಂದರೆ, ನನ್ನ ಮಂಡಿ ಮೆಟ್ಟಿಲು ಇಳಿಯುವಾಗ ಮಾತ್ರ ಗೊಣಗುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ನಿಮ್ಮಪ್ಪ ಎರಡಕ್ಕೂ ಗೊಣಗುತ್ತಾರೆ. ನಿನ್ನ ಮಾವ, ನನ್ನ ಮಹಾನುಭಾವ ತಮ್ಮ, ಗುಂಡುಕಲ್ಲಿನ ಹಾಗಿದ್ದಾನೆ. ಅವನ ಕೈಗೆ ಹತ್ತಿದ ನೀಲಿ ಬಣ್ಣ ಮಾತ್ರ ಈ ಜನ್ಮಕ್ಕೆ ಹೋಗುವುದಿಲ್ಲ, ಫ್ಯಾನಿನ ರೆಕ್ಕೆಗಿಂತ ಅವನೇ ಹೆಚ್ಚು ಹೊಳೆಯುತ್ತಾನೆ.

ಫೋನಿದ್ದೂ ಇವಳೇಕೆ ಕಾಗದ ಬರೆಯಲು ಕೂತಳು ಅಂತೀಯಾ? ನಾನು ನಿನಗೆ ಫೋನು ಮಾಡಿದ ಕೂಡಲೇ ನಿಮ್ಮಪ್ಪನಿಗೆ ಅಡುಗೆಕೋಣೆಯಲ್ಲಿ ಕೆಲಸ ಹುಟ್ಟಿಕೊಳ್ಳುತ್ತದೆ. ಒಂದು ದಿನ ಕನ್ನಡಕ ಹುಡುಕುತ್ತಾರೆ, ಮೂಗಿನ ಮೇಲೆಯೇ ಇರುತ್ತದೆ. ಇನ್ನೊಂದು ದಿನ ನಲ್ಲಿ ಸೋರುತ್ತದಾ ಎಂದು ನೋಡುತ್ತಾರೆ. ಕಿವಿ ಮಾತ್ರ ನನ್ನ ಭುಜದ ಮೇಲೆ ಇಟ್ಟ ಹಾಗಿರುತ್ತದೆ. ‘ಅಪ್ಪ ಹೇಗಿದ್ದಾರೆ?’ ಎಂದು ನೀನು ಕೇಳಿದ್ದು ಆ ಕಿವಿಗೆ ಬಿದ್ದರೆ ಆಮೇಲೆ ಅರ್ಧ ಗಂಟೆ ಸೀಟಿ ಹೊಡೆಯುತ್ತಾ ಕೆಲಸ ಮಾಡುತ್ತಾರೆ. ಅಷ್ಟಾದರೂ ಫೋನನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಮೂರು ವರ್ಷದಿಂದ ಇದೇ ನಾಟಕ ನೋಡಿ ನೋಡಿ ನನಗೂ ಸಾಕಾಗಿದೆ. ಅದಿರಲಿ, ಮೊನ್ನೆ ಸೋಮವಾರ ನಮ್ಮ ಕಾರ್ಖಾನೆಯಲ್ಲಿ ಏನಾಯಿತು ಎಂಬುದನ್ನು ಪೂರ್ತಿ ಹೇಳಲೇಬೇಕು, ಹೇಳದಿದ್ದರೆ ನನ್ನ ಹೊಟ್ಟೆ ಒಡೆದೇ ಹೋಗುತ್ತದೆ. ಬಾಗಿಲು ತೆಗೆದೆ ಎಂದು ಹೇಳುವುದಕ್ಕೂ ನಾನು ಮನೆ ಕಟ್ಟಿಸಿದಲ್ಲಿಂದ ಶುರು ಮಾಡುತ್ತೇನೆ ಎಂದು ನಿಮ್ಮಪ್ಪ ಛೇಡಿಸುತ್ತಾರೆ. ಛೇಡಿಸಲಿ. ನಾನು ಮೊದಲಿಂದಲೇ ಹೇಳುವವಳು.

ಆ ಹೊಸ ಕಾನೂನಿನ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಆದರೂ ನನ್ನ ಬಾಯಲ್ಲಿ ಕೇಳು. ಇನ್ನೆರಡು ವರ್ಷ ಕಳೆದರೆ, ಮನೆಗೆ ಬಳಸುವ ಯಾವ ಯಂತ್ರವನ್ನು ಮಾರಿದರೂ ಕೊಂಡವರು ಅದನ್ನು ಸಾಮಾನ್ಯ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿಕೊಳ್ಳುವ ಹಾಗಿರಬೇಕಂತೆ. ಬಿಡಿಭಾಗಗಳು ಹತ್ತು ವರ್ಷ ಸಿಗಬೇಕಂತೆ. ಕೆಟ್ಟುಹೋದ ಹಳೆಯದನ್ನು ಮಾಡಿದವರೇ ವಾಪಸು ತೆಗೆದುಕೊಳ್ಳಬೇಕಂತೆ. ನಿಮ್ಮಪ್ಪ ಇದನ್ನು ಪೇಪರಿನಲ್ಲಿ ಓದಿ, ಆ ಪುಟವನ್ನೇ ಮಡಿಸಿ ಅಲುಗಾಡುವ ಮೇಜಿನ ಕಾಲಿನ ಕೆಳಗೆ ಇಟ್ಟರು. ‘ಎರಡು ವರ್ಷ ಇದೆಯಲ್ಲ, ಅಷ್ಟರಲ್ಲಿ ಕಾನೂನು ಮಾಡ್ದೋರೇ ಇರ್ತಾರೋ ಇಲ್ವೋ’ ಎಂದರು. ಮಳೆ ಬಂದ ಮೇಲೆ ಕೊಡೆ ರಿಪೇರಿಗೆ ಓಡುವ ಜಾತಿ ನಮ್ಮದು. ಆದರೆ ನಮ್ಮ ಟೇಬಲ್ ಫ್ಯಾನುಗಳಲ್ಲಿ ಅರ್ಧಕ್ಕರ್ಧ ಕೊಳ್ಳುವ ಆ ದೊಡ್ಡ ಅಂಗಡಿಯವರು ಹಾಗೆ ಕೂರಲಿಲ್ಲ. ಕಾನೂನು ಬರುವ ಮುಂಚೆಯೇ ತಯಾರಾದವರಿಂದ ಮಾತ್ರ ಇನ್ನು ಮುಂದೆ ಸಾಮಾನು ತೆಗೆದುಕೊಳ್ಳುತ್ತೇವೆ, ನೋಡುವುದಕ್ಕೆ ಸೋಮವಾರ ಒಬ್ಬರನ್ನು ಕಳಿಸುತ್ತೇವೆ ಎಂದು ಹೇಳಿ ಕಳಿಸಿದರು. ಅವರು ಒಲ್ಲೆ ಎಂದರೆ ಹಿಂದಿನ ಕೋಣೆಗೆ ಬೀಗ ಹಾಕಬೇಕು, ಮೋಟರಿಗೆ ತಂತಿ ಸುತ್ತುವ ಅಕ್ಕಂದಿರಿಬ್ಬರನ್ನೂ ಮನೆಗೆ ಕಳಿಸಬೇಕು. ನಿನ್ನ ಜಡೆ ಹೆಣೆದವರು, ನಿನಗೆ ಮೊದಲ ಸಲ ತಂತಿ ಸುತ್ತಲು ಕಲಿಸಿದವರು. ಅವರಿಗೆ ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ? ಆ ವಾರ ನನಗೆ ಅನ್ನ ಸೇರಲಿಲ್ಲ ನೋಡು.

ತಯಾರಾಗಲು ನಮಗೆ ಅಡ್ಡ ಬಂದದ್ದೇನು? ಅದೇ, ನಿಮ್ಮಪ್ಪನ ಮೂರು ಮೂಲೆಯ ಸ್ಕ್ರೂ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ತನ್ನ ಸ್ಕ್ರೂಗೆ ಮೂರೇ ಮೂಲೆ ಎಂದು ಹಠ ಹಿಡಿದವರು ಇವರೊಬ್ಬರೇ. ನಮ್ಮ ಮದುವೆಯಾದ ಹೊಸತರಲ್ಲಿ ಪಕ್ಕದ ಬೀದಿಯವನೊಬ್ಬ ನಮ್ಮ ಫ್ಯಾನನ್ನು ಬಿಚ್ಚಿ ನೋಡಿ ಹಾಗೆಯೇ ಮಾಡಿ ಮಾರಿದ. ಆ ಸಿಟ್ಟಿಗೆ ಹುಟ್ಟಿದ್ದು ಆ ಸ್ಕ್ರೂ. ಫ್ಯಾನಿನ ಬುಡದ ಮುಚ್ಚಳವನ್ನು ಬಿಗಿ ಮಾಡುವುದು ಕಾಲಿನಿಂದ ತುಳಿಯುವ ಆ ಯಂತ್ರ, ಬಿಚ್ಚಬೇಕಾದರೆ ಮಾತ್ರ ಇವರ ಜೇಬಿನ ಚಾವಿಯೇ ಬೇಕು, ಯಂತ್ರವನ್ನು ಹಿಂದಕ್ಕೆ ತಿರುಗಿಸಿದರೆ ಜಾರುತ್ತದೆ. ಅಂಥ ಚಾವಿಗಳು ಪ್ರಪಂಚದಲ್ಲಿ ಎರಡೇ, ಒಂದು ಅವರ ಜೇಬಿನಲ್ಲಿ, ಇನ್ನೊಂದು ನೀನು ಕೆಲಸ ಕಲಿತ ದಿನ ನಿನ್ನ ಕೈಗೆ ಕೊಟ್ಟದ್ದು. ಆ ದಿನ ನಿಮ್ಮಿಬ್ಬರ ಮುಖ ನೋಡಬೇಕಿತ್ತು, ರಾಜಪಟ್ಟ ಕಟ್ಟಿದ ಹಾಗೆ! ಮೂರು ವರ್ಷದ ಹಿಂದೆ ನೀನು ಸಾಮಾನ್ಯ ಸ್ಕ್ರೂ ಹಾಕಿದ ಬುಡವೊಂದನ್ನು ಮಾಡಿ ತಂದು ಅವರ ಮುಂದೆ ಇಟ್ಟೆ. ‘ಅಪ್ಪಾ, ಇನ್ಮೇಲೆ ಮುಚ್ಚಿಟ್ಟೋರು ಉಳಿಯಲ್ಲ, ಬಿಚ್ಚಿ ತೋರಿಸ್ದೋರೇ ಉಳಿಯೋದು, ಕಾನೂನೂ ಇವತ್ತಲ್ಲ ನಾಳೆ ಅದನ್ನೇ ಹೇಳುತ್ತೆ’ ಎಂದೆ. ‘ನನ್ನ ಫ್ಯಾನಿನ ಹೊಟ್ಟೆ ಊರಿಗೆಲ್ಲ ತೋರಿಸ್ಲಾ?’ ಎಂದು ಅವರು ಹಾರಾಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾರು ಎತ್ತು ಯಾರು ಕೋಣ ಎಂದು ನನ್ನನ್ನು ಕೇಳಬೇಡ, ಇಬ್ಬರೂ ನನ್ನವರೇ. ಆ ವಾರವೇ ನೀನು ಪೆಟ್ಟಿಗೆ ಕಟ್ಟಿ ಆ ಪರೀಕ್ಷಾ ಕೇಂದ್ರದ ಕೆಲಸಕ್ಕೆ ಹೊರಟೆ, ನಿನ್ನ ಚಾವಿಯೂ ನಿನ್ನ ಜೊತೆ ಹೊರಟಿತು. ಅದನ್ನು ವಾಪಸು ಕೇಳು ಎಂದು ನಿಮ್ಮಪ್ಪ ಒಂದು ದಿನವೂ ನನಗೆ ಹೇಳಲಿಲ್ಲ. ನಿನ್ನ ಆ ಬುಡವನ್ನು ಗುಜರಿಗೆ ಹಾಕು ಎಂದು ಮಾತ್ರ ಹೇಳಿದರು. ನಾನು ಹಾಕಿದೆನಾ? ಹಳೆಯ ಬೆಡ್‌ಶೀಟು ಸುತ್ತಿ ಅಟ್ಟಕ್ಕೆ ಸೇರಿಸಿದೆ.

ನನ್ನ ಪಾಲಿಗೂ ಒಂದು ಕಾನೂನು ಬಂದಿದೆ ಕಣೇ, ಅದನ್ನು ಕೇಳಿದರೆ ನಗುತ್ತೀಯ. ಅದಕ್ಕೂ ಇನ್ನೆರಡು ವರ್ಷ ಇದೆ, ಆಮೇಲೆ ಗಿರಾಕಿಗಳ ಫೋನ್ ನಂಬರು ಇಟ್ಟುಕೊಳ್ಳುವುದಕ್ಕೂ ಅವರ ಒಪ್ಪಿಗೆ ಬೇಕಂತೆ! ನನ್ನ ತಲೆಯಲ್ಲಿ ಇರುವುದೆಲ್ಲ ಅದೇ ಅಲ್ಲವಾ, ಯಾರ ಮನೆಯ ಫ್ಯಾನು ಯಾವಾಗ ರಿಪೇರಿಗೆ ಬಂತು, ಯಾರ ಮಗುವಿಗೆ ಹಲ್ಲು ಬಂತು, ಯಾರ ಸೊಸೆ ಯಾರ ಜೊತೆ ಮಾತು ಬಿಟ್ಟಳು. ಸರಿ, ಕಾನೂನು ಕಾನೂನೇ ಎಂದು ಒಬ್ಬೊಬ್ಬರಿಗೂ ಫೋನು ಮಾಡಿ ಒಪ್ಪಿಗೆ ಕೇಳಲು ಕೂತೆ. ಹಲ್ಲಿನ ಡಾಕ್ಟರು, ಏನೋ ಮೋಸದ ಕರೆ ಎಂದುಕೊಂಡು ಫೋನು ಕುಕ್ಕಿದರು. ನಿನ್ನ ಲೆಕ್ಕದ ಟೀಚರು ಇದ್ದಾರಲ್ಲ, ನಿವೃತ್ತಿಯಾಗಿ ಮನೆಯಲ್ಲಿರುವವರು, ಅವರಿಗೆ ‘ನಿಮ್ಮ ನಂಬರು ನಮ್ಮ ಹತ್ರ ಇಟ್ಕೋಬಹುದಾ?’ ಎಂದು ಕೇಳಿದೆ. ಅವರು ‘ಏನ್ರೀ, ನನ್ನನ್ನ ನೆನಪಿಟ್ಕೊಳ್ಳೋಕೂ ಪರ್ಮಿಷನ್ ಬೇಕಾ? ಇಟ್ಕೊಳ್ರೀ, ಇಟ್ಕೊಳ್ಳಿ, ನನ್ನ ಮಕ್ಕಳಿಗೂ ಸ್ವಲ್ಪ ಹೇಳಿ’ ಎಂದು ನಕ್ಕರು. ಆಮೇಲೆ ಒಂದು ಗಂಟೆ ಬಿಡಲಿಲ್ಲ. ಹೀಗೆ ಆ ಕಾನೂನಿನ ಪುಣ್ಯದಿಂದ ಬೀದಿಯ ಸುದ್ದಿಯೆಲ್ಲ ಮತ್ತೆ ಹೊಸದಾಗಿ ನನ್ನ ಕೈ ಸೇರಿತು. ಈ ಕೆಲಸದಲ್ಲಿ ಮಾತ್ರ ನಾನು ಎರಡು ವರ್ಷ ಮುಂಚೆಯೇ ತಯಾರು.

ಈಗ ಸೋಮವಾರಕ್ಕೆ ಬಾ. ಬೆಳಿಗ್ಗೆಯಿಂದ ನಿಮ್ಮಪ್ಪನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬರುವವರಿಗೆ ತಮ್ಮ ಚಾವಿಯಿಂದಲೇ ಒಂದು ಫ್ಯಾನನ್ನು ಬಿಚ್ಚಿ ಒಳಗಿನ ಕೈಕೆಲಸ ತೋರಿಸುತ್ತೇನೆ, ಇಷ್ಟು ಚೆನ್ನಾಗಿರುವಾಗ ಯಾರೂ ಬಿಚ್ಚುವ ಅಗತ್ಯವೇ ಇಲ್ಲ ಎಂದು ವಾದ ಮಾಡುತ್ತೇನೆ ಎಂಬುದು ಅವರ ಉಪಾಯ. ಅದಕ್ಕಾಗಿ ತಯಾರಾಗಿದ್ದ ಫ್ಯಾನುಗಳಲ್ಲಿ ಒಂದನ್ನು ಬಿಚ್ಚಿ, ಬುಡದೊಳಗಿನ ತಂತಿಗಳನ್ನು ಮದುಮಗಳ ಜಡೆಯ ಹಾಗೆ ಸರಿಮಾಡುತ್ತಿದ್ದರು. ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಬಲ್ಬು ಹೋಯಿತೆಂದು ಅಕ್ಕಂದಿರು ಕೂಗಿದರು. ಎರಡು ನಿಮಿಷದ ಕೆಲಸವೆಂದು ಚಾವಿಯನ್ನು ಆ ತೆರೆದ ಬುಡದೊಳಗೇ ಇಟ್ಟು ಎದ್ದು ಹೋದರು. ಆಗ ಬಂದ ನನ್ನ ತಮ್ಮ! ಆ ದಿನ ಅವನಿಗೆ ರೆಕ್ಕೆಗೆ ಬಣ್ಣ ಬಳಿಯುವುದು ಮುಗಿದಿತ್ತು, ಕೈ ಖಾಲಿಯಿತ್ತು. ಖಾಲಿ ಕೈಯ ನನ್ನ ತಮ್ಮ ಎಂದರೆ ನಿನಗೆ ಗೊತ್ತಲ್ಲ. ಭಾವನಿಗೆ ಸಹಾಯವಾಗಲಿ ಎಂದು ಮುಚ್ಚಳ ಹಾಕಿದ, ಯಂತ್ರದ ಕೆಳಗೆ ಇಟ್ಟು ತುಳಿದ, ಬಟ್ಟೆಯಲ್ಲಿ ಒರೆಸಿ ಉಳಿದವುಗಳ ಸಾಲಿನಲ್ಲಿ ನಿಲ್ಲಿಸಿದ. ಇಷ್ಟು ಶ್ರದ್ಧೆಯಿಂದ ಅವನು ಹುಟ್ಟಿದಾಗಿನಿಂದ ಒಂದು ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ.

ನಿಮ್ಮಪ್ಪ ಬಂದು ನೋಡಿದರೆ ಮೇಜು ಖಾಲಿ. ಚಾವಿ ಎಲ್ಲಿ? ಜೇಬು ನೋಡಿದರು, ಕನ್ನಡಕದ ಡಬ್ಬಿ ನೋಡಿದರು, ಮೇಲೆ ಬಂದು ಸಕ್ಕರೆ ಡಬ್ಬಿಯೊಳಗೆ ಕೈ ಹಾಕಿದರು, ಯಾಕೆ ಎಂದು ಅವರಿಗೇ ಗೊತ್ತಿಲ್ಲ. ತಮ್ಮನನ್ನು ಗೋಡೆಗೆ ನಿಲ್ಲಿಸಿ ಅವನ ಜೇಬು ತಡಕಿದರು, ಎರಡು ಬಟಾಣಿ ಮತ್ತು ಒಂದು ಬ್ರಷ್ಷು ಸಿಕ್ಕವು. ‘ಭಾವಾ, ನಾನು ಚಾವಿ ಮುಟ್ಟೇ ಇಲ್ಲ’ ಎಂದು ಅವನು ಆಣೆ ಮಾಡಿದ. ಸುಳ್ಳೂ ಅಲ್ಲ, ಅವನು ಮುಟ್ಟಿದ್ದು ಮುಚ್ಚಳ ಮಾತ್ರ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ಮಾಡಿದವರು ನಮ್ಮ ಮನೆಗೆ ಬಂದು ಹೋಗಿರಬೇಕು. ಹೊಸ ಚಾವಿ ಮಾಡಲು ಎರಡು ದಿನ ಉಕ್ಕಿಗೆ ಅರ ಉಜ್ಜಬೇಕು. ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

ಬಂದವರು ಒಬ್ಬ ಹೆಣ್ಣುಮಗಳು, ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಮುಖ ನೋಡಿದರೆ ಸೌಮ್ಯ, ಕಣ್ಣು ಮಾತ್ರ ಸೂಜಿ. ನೀರು ಕುಡಿದು, ಎರಡು ಒಳ್ಳೆಯ ಮಾತಾಡಿ, ಸಾಲಾಗಿ ನಿಂತ ಫ್ಯಾನುಗಳನ್ನು ನೋಡಿ, ‘ಚೆನ್ನಾಗಿವೆ, ಒಂದನ್ನ ಬಿಚ್ಚಿ ತೋರಿಸಿ’ ಎಂದರು. ನಿಮ್ಮಪ್ಪ ‘ಅದಕ್ಕೇನಂತೆ’ ಎಂದು ಅಭ್ಯಾಸ ಬಲದಿಂದ ಜೇಬಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತುಬಿಟ್ಟಿತು. ಇಂಗು ತಿಂದ ಮಂಗನ ಮುಖ ಎನ್ನುತ್ತಾರಲ್ಲ, ಇಷ್ಟು ವರ್ಷ ಸಂಸಾರ ಮಾಡಿದರೂ ಆ ಮುಖವನ್ನು ನಾನು ಅವತ್ತೇ ನೋಡಿದ್ದು. ‘ಚಾವಿ ಸಿಗ್ತಾ ಇಲ್ಲ ಮೇಡಂ’ ಎಂದರು, ಶಾಲೆಗೆ ಹೋಮ್‌ವರ್ಕ್ ತರದ ಮಗುವಿನ ದನಿಯಲ್ಲಿ. ಆಗ ನನ್ನ ತಮ್ಮ ತಲೆ ಕೆರೆದುಕೊಳ್ಳುತ್ತಾ, ‘ಭಾವಾ, ನೀವು ಬಲ್ಬು ಹಾಕೋಕೆ ಹೋದಾಗ ಒಂದು ಬುಡ ಬಾಯಿ ತೆರೆದುಕೊಂಡು ಇತ್ತು, ಪಾಪ ಅಂತ ನಾನೇ ಮುಚ್ಚಿದೆ, ಒಳಗೆ ನೋಡ್ಲಿಲ್ಲ’ ಎಂದ. ಪಾಪವಂತೆ!

ಮುಂದೆ ನಡೆದದ್ದನ್ನು ಬರೆಯುವಾಗ ಈಗಲೂ ಪೆನ್ನು ಕುಣಿಯುತ್ತಿದೆ. ಎಲ್ಲ ಫ್ಯಾನುಗಳೂ ಒಂದೇ ಅಚ್ಚು, ಒಂದೇ ಬಣ್ಣ, ಯಾವುದರೊಳಗೆ ಎಂದು ಹೇಗೆ ಗೊತ್ತಾಗಬೇಕು? ಒಂದೊಂದನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಲು ಶುರು ಮಾಡಿದೆವು. ನಾನು, ನಿಮ್ಮಪ್ಪ, ತಮ್ಮ, ಹಿಂದಿನ ಕೋಣೆಯ ಅಕ್ಕಂದಿರು, ಎಲ್ಲರೂ ಜಾತಕ ಕೇಳುವವರ ಹಾಗೆ ಕಣ್ಣು ಮುಚ್ಚಿಕೊಂಡು ಫ್ಯಾನು ಅಲ್ಲಾಡಿಸುವುದೇ. ಆ ಮೇಡಂ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಚೀಲ ಕೆಳಗಿಟ್ಟು ತೋಳು ಮಡಿಸಿ ಅವರೂ ಒಂದನ್ನು ಎತ್ತಿದರು. ಕೊನೆಗೆ ಅವರ ಕೈಯಲ್ಲಿದ್ದದ್ದೇ ಕಟಕಟ ಅಂದಿತು. ಸಿಕ್ಕಿತು ಎಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಿಮ್ಮಪ್ಪ ಓಡಿ ಬಂದು ಫ್ಯಾನನ್ನು ತೆಗೆದುಕೊಂಡು, ತಲೆಕೆಳಗು ಮಾಡಿ ತೊಡೆಯ ಮೇಲಿಟ್ಟು, ಬಿಚ್ಚಲು ಮತ್ತೆ ಜೇಬಿಗೆ ಕೈ ಹಾಕಿದರು. ಆಗ ಎಲ್ಲರಿಗೂ ಅರ್ಥವಾಯಿತು. ಚಾವಿ ಸಿಕ್ಕಿದೆ, ಆದರೆ ಅದನ್ನು ಹೊರಗೆ ತೆಗೆಯಲು ಅದೇ ಚಾವಿ ಬೇಕು.

ಆ ಮೇಡಂ ಮೆಲ್ಲಗೆ, ಚುಚ್ಚುವ ಹಾಗಲ್ಲ, ನಿಜವಾಗಿಯೂ ಮೆಲ್ಲಗೆ, ‘ಯಜಮಾನ್ರೇ, ನಿಮ್ಮ ಫ್ಯಾನು ಕೊಂಡೋರ ಪಾಡು ದಿನಾ ಇದೇ’ ಎಂದರು. ಇವರು ಈಗ ಹಾರಾಡುತ್ತಾರೆ, ಆಕೆ ಎದ್ದು ಹೋಗುತ್ತಾರೆ, ಅಕ್ಕಂದಿರ ಕೋಣೆಗೆ ಬೀಗ ಬೀಳುತ್ತದೆ ಎಂದುಕೊಂಡೆ. ನಿಮ್ಮಪ್ಪ ಆ ಫ್ಯಾನನ್ನು ಮತ್ತೊಮ್ಮೆ ಅಲ್ಲಾಡಿಸಿದರು. ಕಟಕಟ. ಇನ್ನೊಮ್ಮೆ ಅಲ್ಲಾಡಿಸಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಅಯ್ಯೋ ಸ್ಪ್ರಿಂಗೂ, ಅವರು ನಕ್ಕರು ಕಣೇ! ನೀನು ಹೋದ ಮೇಲೆ ಆ ನಗು ನಾನು ಕೇಳಿರಲೇ ಇಲ್ಲ. ಕಣ್ಣಲ್ಲಿ ನೀರು ಬರುವ ಹಾಗೆ, ಗೋಡೆ ಹಿಡಿದುಕೊಂಡು, ‘ನನ್ನ ಫ್ಯಾನು ನನಗೇ ಬಿಚ್ಚಕ್ಕಾಗ್ತಿಲ್ವಲ್ಲೇ!’ ಎಂದು ನನ್ನನ್ನು ಕರೆದು ಕರೆದು ನಕ್ಕರು. ತಮ್ಮ ನಕ್ಕ, ಅಕ್ಕಂದಿರು ನಕ್ಕರು, ಮೇಡಂ ಸ್ಟೂಲಿನ ಮೇಲೆ ಕೂತು ನಕ್ಕರು. ಎಲ್ಲರಿಗೂ ಹೊಟ್ಟೆ ಹುಣ್ಣಾಗುವುದೊಂದು ಬಾಕಿ.

ಕಬ್ಬಿಣ ಕಾದಾಗಲೇ ಬಡಿಯಬೇಕಲ್ಲ. ನಾನು ಮಂಡಿಯನ್ನೂ ಲೆಕ್ಕಿಸದೆ ಮೇಲೆ ಹೋಗಿ, ಅಟ್ಟದಿಂದ ನಿನ್ನ ಆ ಬುಡವನ್ನು ಇಳಿಸಿ ತಂದು, ಬೆಡ್‌ಶೀಟು ಬಿಡಿಸಿ ಮೇಜಿನ ಮೇಲೆ ಇಟ್ಟೆ. ‘ಗುಜರಿಗೆ ಹಾಕು ಅಂದಿದ್ದೆ’ ಎಂದರು ನಿಮ್ಮಪ್ಪ. ‘ನೀವು ಅಂದಿದ್ರಿ, ನಾನು ಕೇಳ್ಲಿಲ್ಲ’ ಎಂದೆ. ಪಾತ್ರೆಯ ಹಿಡಿ ಬಿಗಿ ಮಾಡಲು ನಾನು ಇಟ್ಟುಕೊಂಡಿರುವ ಸ್ಕ್ರೂಡ್ರೈವರನ್ನೇ ಮೇಡಂ ಕೈಗೆ ಕೊಟ್ಟೆ. ಅವರು ನಾಲ್ಕು ಸಲ ತಿರುಗಿಸಿದರೋ ಇಲ್ಲವೋ, ಮುಚ್ಚಳ ಕೈಗೆ ಬಂತು. ಮೇಡಂ ನೋಡಿದ್ದು ಮುಚ್ಚಳವನ್ನು. ನಿಮ್ಮಪ್ಪ ನೋಡಿದ್ದು ಒಳಗಿನ ತಂತಿಗಳನ್ನು. ಕೆಂಪು ಮೇಲೆ, ನೀಲಿ ನಡುವೆ, ಹಳದಿ ಸುತ್ತು ಹಾಕಿ ಕೆಳಗೆ, ಅವರು ಮೂವತ್ತು ವರ್ಷದಿಂದ ಹೆಣೆಯುತ್ತಿರುವ ಅದೇ ಹೆಣಿಗೆ, ಕೊನೆಯ ಗಂಟಿನವರೆಗೂ. ಅಂದು ಕೋಪದಲ್ಲಿ ಅವರು ನೀನು ತಂದದ್ದನ್ನು ಬಿಚ್ಚಿಯೂ ನೋಡಿರಲಿಲ್ಲವಲ್ಲ. ನೀನು ಅವರ ಕೈಕೆಲಸವನ್ನೆಲ್ಲ ಬಿಸಾಕಿ ಹೊಸದೇನೋ ಮಾಡಿದ್ದೀಯ ಎಂದೇ ಇಷ್ಟು ದಿನ ತಿಳಿದಿದ್ದರು. ಬೆರಳಿನಿಂದ ಆ ತಂತಿಗಳನ್ನು ಮುಟ್ಟಿ, ‘ಇದು ನನ್ನ ಹೆಣಿಗೆ’ ಎಂದರು. ಆಮೇಲೆ ಮೇಡಂ ಕಡೆ ತಿರುಗಿ, ‘ನನ್ನ ಮಗಳು ಮಾಡಿದ್ದು. ಮುಚ್ಚಳ ಒಂದೇ ಅವಳು ಬದಲಾಯಿಸಿದ್ದು’ ಎಂದರು. ಹೇಳಿ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಸಂತೋಷಕ್ಕೆ ಕಣೇ, ನೀನು ಅಲ್ಲಿ ಕೂತು ಅಳಬೇಡ, ನೆಗಡಿ ಜಾಸ್ತಿಯಾದೀತು.

ಆಮೇಲೆ ಮಾತು ಸಲೀಸಾಗಿ ನಡೆಯಿತು. ಇಷ್ಟು ದಿನ ಕಾನೂನನ್ನು ಮೇಜಿನ ಕಾಲಿಗೆ ಕೊಟ್ಟವರು ಈಗ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳತೊಡಗಿದರು. ಹಳೆಯ ಫ್ಯಾನು ವಾಪಸು ಬಂದರೆ ಅದರ ತಾಮ್ರವನ್ನು ಮತ್ತೆ ಬಳಸಬಹುದಾ? ಬಿಡಿಭಾಗ ಹತ್ತು ವರ್ಷ ಇಡಬೇಕೆಂದರೆ ಇವತ್ತಿನ ಅಚ್ಚುಗಳನ್ನು ಕರಗಿಸುವ ಹಾಗಿಲ್ಲ ಅಲ್ಲವಾ? ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರಿಗೆ ಚಿತ್ರ ಬರೆದು ಕೊಟ್ಟರೆ ಸಾಕಾ, ಮಾತಲ್ಲೂ ಬರೆಯಬೇಕಾ? ಮೇಡಂ ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಹೇಳಿದರು. ಫೋನಿನಲ್ಲಿ ದೂರು ಕೇಳಲು ಯಂತ್ರ ಮಾತಾಡುವ ವ್ಯವಸ್ಥೆ ಇಟ್ಟರೆ ಅದು ಮೊದಲೇ ‘ನಾನು ಯಂತ್ರ’ ಎಂದು ಹೇಳಿಕೊಳ್ಳಬೇಕಾಗುತ್ತದೆ ಎಂದೂ ಹೇಳಿದರು. ‘ನಮ್ಮಲ್ಲಿ ದೂರು ಕೇಳೋದು ಇವಳೇ, ಇವಳು ಯಂತ್ರ ಅಲ್ಲ ಅನ್ನೋದಕ್ಕೆ ನಾನೇ ಸಾಕ್ಷಿ, ನಿಲ್ಸೋ ಸ್ವಿಚ್ಚೇ ಇಲ್ಲ’ ಎಂದು ನಿಮ್ಮಪ್ಪ ನನ್ನನ್ನು ತೋರಿಸಿದರು. ಅವರಿಗೆ ಎಷ್ಟು ಧೈರ್ಯ ನೋಡು, ಹೊರಗಿನವರ ಮುಂದೆ! ರಾತ್ರಿ ಊಟಕ್ಕೆ ಉಪ್ಪು ಕಡಿಮೆ ಹಾಕಿ ಲೆಕ್ಕ ಚುಕ್ತಾ ಮಾಡಿದೆ. ಹೊರಡುವ ಮುಂಚೆ ಮೇಡಂ ಇನ್ನೂ ಒಂದು ಪ್ರಶ್ನೆ ಕೇಳಿದರು, ನಿಮ್ಮಪ್ಪ ಅದಕ್ಕೂ ಉತ್ತರ ಕೊಟ್ಟರು. ಆಮೇಲೆ ಚಹಾ ಕುಡಿದು, ಎರಡು ಸಲ ಕೇಳಿ ಬಿಸ್ಕತ್ತು ತಿಂದು ಹೋದರು. ನಿನ್ನೆ ಅವರ ಕಡೆಯಿಂದ ಫೋನು ಬಂತು. ಹೊಸ ಬುಡ ಹಾಕಿಕೊಟ್ಟರೆ ನಮ್ಮ ಫ್ಯಾನು ಬೇಕಂತೆ, ಹೋದ ವರ್ಷಕ್ಕಿಂತ ಜಾಸ್ತಿಯೇ ಬೇಕಂತೆ! ಅಕ್ಕಂದಿರು ಹಿಂದಿನ ಕೋಣೆಯಲ್ಲಿ ಈಗ ರೇಡಿಯೋ ಜೋರಾಗಿ ಹಾಕಿಕೊಂಡು ತಂತಿ ಸುತ್ತುತ್ತಿದ್ದಾರೆ, ಆ ಗದ್ದಲದಲ್ಲೇ ನಾನು ಬರೆಯುತ್ತಿರುವುದು. ಮೇಜಿನ ಕಾಲಿನ ಕೆಳಗಿದ್ದ ಪೇಪರನ್ನು ನಿಮ್ಮಪ್ಪ ಬೆಳಿಗ್ಗೆ ಎಳೆದು ತೆಗೆದು ಮೊದಲಿಂದ ಓದಿದರು. ಮೇಜು ಮತ್ತೆ ಅಲುಗಾಡುತ್ತಿದೆ, ಅದಕ್ಕೇ ನನ್ನ ಅಕ್ಷರ ಹೀಗೆ.

ಈಗ ಅವರು ಮೆಟ್ಟಿಲು ಹತ್ತಿ ಬಂದರು. ಕಾಗದ ನಿನಗೆ ಎಂದು ಗೊತ್ತಾಗಿ, ಕೈಯಿಂದ ಕಿತ್ತುಕೊಳ್ಳದ ಹಾಗೆ ಕಿತ್ತುಕೊಂಡು, ಕಿಟಕಿಯ ಹತ್ತಿರ ನಿಂತು ಪೂರ್ತಿ ಓದಿದರು. ನಗುವ ಕಡೆ ನಕ್ಕರು. ‘ಮೂವತ್ತು ವರ್ಷ ಅಲ್ಲ, ಮೂವತ್ನಾಲ್ಕು’ ಎಂದು ಒಂದೇ ತಪ್ಪು ತೆಗೆದರು. ನೆಗಡಿಗೆ ಮೆಣಸಿನ ಕಷಾಯ ಕುಡಿಯಲು ಹೇಳು ಎಂದರು. ನಾವೆಲ್ಲ ಚೆನ್ನಾಗಿದ್ದೇವೆ, ನೀನು ನೂರು ವರ್ಷ ನಗುನಗುತ್ತಾ ಬಾಳು ಮಗಳೇ. ನಿನ್ನ ಮಾವ, ‘ಎಲ್ಲ ನನ್ನಿಂದಲೇ ಆಗಿದ್ದು, ಬಹುಮಾನ ಕೊಡಿಸು’ ಎಂದು ನಿನಗೆ ತಿಳಿಸಲು ಹೇಳಿದ್ದಾನೆ, ಅವನ ನೀಲಿ ಹೆಬ್ಬೆಟ್ಟು ಅಂಚಿನಲ್ಲಿದೆ ನೋಡು.

ಮಡಿಲು ತುಂಬ ಪ್ರೀತಿಯೊಂದಿಗೆ,
ನಿನ್ನ ಅಮ್ಮ

ಇನ್ನೊಂದು ಮಾತು, ಬೇಗ ಬೇಗ. ನಿಮ್ಮಪ್ಪ ಕವರಿಗೆ ಅಂಟು ತರಲು ಕೆಳಗೆ ಹೋಗಿದ್ದಾರೆ. ಮೇಡಂ ಕೊನೆಗೆ ಕೇಳಿದ ಆ ಪ್ರಶ್ನೆಯನ್ನು ನಾನು ಬೇಕೆಂದೇ ಮೇಲೆ ಬಿಡಿಸಿ ಬರೆಯಲಿಲ್ಲ, ನಿಮ್ಮಪ್ಪನೂ ಓದುತ್ತಾ ಅಲ್ಲಿಗೆ ಬಂದಾಗ ‘ಸದ್ಯ, ಬರೆದಿಲ್ಲ’ ಎಂದು ಉಸಿರು ಬಿಟ್ಟರು. ‘ಹತ್ತು ವರ್ಷ ಜವಾಬ್ದಾರಿ ಅಂತೀರಿ, ನಿಮಗೂ ವಯಸ್ಸಾಯ್ತು, ಹತ್ತು ವರ್ಷ ಆದ್ಮೇಲೆ ಇದಕ್ಕೆ ಉತ್ತರ ಹೇಳೋರು ಯಾರು?’ ಎಂದು ಮೇಡಂ ಕೇಳಿದ್ದು. ಕೇಳಿ ಮುಗಿಸುವ ಮುಂಚೆಯೇ ನಿಮ್ಮಪ್ಪ ‘ನನ್ನ ಮಗಳು’ ಎಂದುಬಿಟ್ಟರು. ಹಾಗಾದರೆ ಮುಂದಿನ ತಿಂಗಳು ನಿಮ್ಮ ಮಗಳನ್ನೇ ನೋಡಿ ಮಾತಾಡಿ ಎಲ್ಲ ಪಕ್ಕಾ ಮಾಡೋಣ ಎಂದಿದ್ದಾರೆ ಆಕೆ. ಅವತ್ತಿನಿಂದ ಇವರಿಗೆ ಒಂದೇ ಹೆದರಿಕೆ. ‘ಕೇಳದೆ ಹೇಳಿಬಿಟ್ಟೆನಲ್ಲ, ಅವಳು ಒಪ್ತಾಳೇನೇ?’ ಎಂದು ನನ್ನನ್ನು ಕೇಳುತ್ತಾರೆ, ನಿನ್ನನ್ನು ಕೇಳಲು ಬಾಯಿ ಬರುವುದಿಲ್ಲ. ಅವರ ಬದಲು ನಾನು ಕೇಳುತ್ತಿದ್ದೇನೆ. ಅಲ್ಲಿನ ಕೆಲಸವೇ ನಿನಗೆ ಇಷ್ಟವಾದರೆ ಹಾಗೆಂದು ಬರೆ, ನಾವು ಬೇಸರ ಮಾಡಿಕೊಳ್ಳುವುದಿಲ್ಲ. ಸುಳ್ಳು, ನಾನು ಬೇಸರ ಮಾಡಿಕೊಳ್ಳುತ್ತೇನೆ. ಆ ಕಟಕಟ ಅನ್ನುವ ಫ್ಯಾನನ್ನು ಅವರು ಯಾರಿಗೂ ಮುಟ್ಟಲು ಬಿಡದೆ ನಿನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಹೊಸ ಚಾವಿಯನ್ನೂ ಮಾಡುತ್ತಿಲ್ಲ. ಅರ ಇದೆ, ಉಕ್ಕು ಇದೆ, ಎರಡು ದಿನದ ಕೆಲಸ. ಯಾಕೆ ಎಂದು ಕೇಳಿದರೆ, ‘ಇನ್ನೊಂದು ಚಾವಿ ಅವಳ ಹತ್ರ ಇದೆಯಲ್ಲ, ಅವಳೇ ಬಿಚ್ಚಲಿ’ ಅಂತಾರೆ. ಹೆಜ್ಜೆ ಸಪ್ಪಳ ಕೇಳಿಸುತ್ತಿದೆ, ಬಂದರು. ಬರುವಾಗ ಚಾವಿ ಮರೆಯಬೇಡ. ಮರೆತರೂ ಪರವಾಗಿಲ್ಲ, ನೀನು ಬಾ.